ಕಂಪನಿ ಬದಲಾದರೂ ತಂತಿ ಅದೇ

ಹಲವು ಕಂಪನಿಗಳು ಕರೆಂಟ್ ಮಾರಲು ಬಂದರೆ ಮನೆಗೆ ಹೊಸ ತಂತಿ ಎಳೆಯುತ್ತಾರಾ, ಬಿಲ್ ಇಳಿಯುತ್ತದಾ ಎಂದು ಕೇಳಿದ್ದೀರಿ. ತಂತಿ, ಕಂಬ, ಟ್ರಾನ್ಸ್‌ಫಾರ್ಮರ್ ಎಲ್ಲ ಹಳೆಯವೇ. ಎರಡೆರಡು ಜಾಲ ಹಾಕುವುದು ಸುಮ್ನೆ ದಂಡ ಅಲ್ವಾ? ಪೈಪೋಟಿ ಇರುವುದು ಕರೆಂಟ್ ಉತ್ಪಾದನೆಯಲ್ಲಿ ಮತ್ತು ಮಾರಾಟದಲ್ಲಿ. ತಂತಿಯ ಬಾಡಿಗೆಯನ್ನು ಸಾಮಾನ್ಯವಾಗಿ ನಿಯಂತ್ರಣ ಆಯೋಗವೇ ನಿಗದಿ ಮಾಡುತ್ತದೆ. ಯಾರಿಂದ ಕೊಂಡರೂ ಅದು ತಪ್ಪುವುದಿಲ್ಲ.

ಬಿಲ್ ಇಳಿಯುತ್ತದೆ ಅಂತ ಖಾತ್ರಿ ಇಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ 2002ರಿಂದ ಬಹಳಷ್ಟು ಜನ ತಮಗೆ ಬೇಕಾದ ಕಂಪನಿ ಆರಿಸಿಕೊಳ್ಳುತ್ತಾರೆ. 2021ರ ಫೆಬ್ರವರಿಯ ಭಾರಿ ಚಳಿಯಲ್ಲಿ ಅಲ್ಲಿ ಸಗಟು ದರ ಯೂನಿಟ್‌ಗೆ 9 ಡಾಲರ್ ಮುಟ್ಟಿತು. ಸಗಟು ದರಕ್ಕೇ ಜೋಡಿಸಿದ ಪ್ಲಾನ್ ಹಿಡಿದಿದ್ದ ಹಲವರಿಗೆ ಸಾವಿರಾರು ಡಾಲರ್ ಬಿಲ್ ಬಂತು. ಸ್ಥಿರ ದರದವರು ಬಚಾವಾದರು. ನನ್ನನ್ನು ಕೇಳಿದರೆ, ದರ ಎಷ್ಟು ಅನ್ನುವುದಕ್ಕಿಂತ ಅದು ಎಷ್ಟು ತಿಂಗಳು ಬದಲಾಗುವುದಿಲ್ಲ ಅಂತ ಮೊದಲು ನೋಡಿ.