ಬುಷ್ ಗಟ್ಟಿ ಮಾಡುವ ಮುನ್ನ

ಪ್ರಶ್ನೆ: ನನ್ನದು 1994ರ ಮಾಜ್ಡಾ ಎಂಎಕ್ಸ್-5. ಸಸ್ಪೆನ್ಷನ್ ಬುಷ್‌ಗಳೆಲ್ಲ (ಚಕ್ರ ಹಿಡಿದಿರುವ ಆರ್ಮ್‌ಗಳು ಆಡುವ ಕಡೆ ಕೂರುವ ಮೆತ್ತೆಗಳು) ಕಾರಿನಷ್ಟೇ ಹಳೆಯವು, ಬಿರುಕು ಬಿಟ್ಟಿವೆ. ವಾರಪೂರ್ತಿ ಆಫೀಸಿಗೆ ಇದೇ ಕಾರು, ವರ್ಷಕ್ಕೆ ಮೂರ್ನಾಲ್ಕು ಸಲ ಟ್ರ್ಯಾಕ್. ಗಟ್ಟಿ ರಬ್ಬರ್, ಪಾಲಿಯುರೆಥೇನ್, ಡೆಲ್ರಿನ್ ಎಂಬ ಗಡಸು ಪ್ಲಾಸ್ಟಿಕ್, ಯಾವುದು ಹಾಕಿಸಲಿ?
— ಓದುಗರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ನಿಮ್ಮ ಬಳಕೆಗೆ ಗಟ್ಟಿ ರಬ್ಬರ್. ಸ್ಪರ್ಧೆಗೆಂದೇ ಮಾಜ್ಡಾ ಇಂಥ ಬುಷ್‌ಗಳನ್ನು ತಂದಿತ್ತು. ಅವು ಸಿಗದಿದ್ದರೆ 80ರಿಂದ 85 ಶೋರ್-ಎ ಗಡಸುತನದ (ಅಂಕಿ ಹೆಚ್ಚಿದಷ್ಟೂ ಗಟ್ಟಿ) ಪಾಲಿಯುರೆಥೇನ್ ಹಾಕಿ. 95ರದ್ದು ಟ್ರ್ಯಾಕ್‌ಗೆ ಸರಿ. ದಿನಾ ಆಫೀಸಿಗೆ ಹೋಗುವವರಿಗೆ ರಸ್ತೆಯ ಪ್ರತಿಯೊಂದು ಕಲ್ಲಿನ ಲೆಕ್ಕ ಬೇಕಿಲ್ಲ.

ರಬ್ಬರ್ ಮತ್ತು ಪಾಲಿಯುರೆಥೇನ್ (ಪಾಲಿ) ಕೆಲಸ ಮಾಡುವ ರೀತಿಯೇ ಬೇರೆ ಬೇರೆ. ರಬ್ಬರ್ ಬುಷ್‌ನಲ್ಲಿ ಒಳಗಿನ ಸ್ಲೀವ್ (ಬೋಲ್ಟ್ ತೂರುವ ಕೊಳವೆ) ಮತ್ತು ಹೊರಗಿನ ಉಕ್ಕಿನ ಕವಚ ಎರಡಕ್ಕೂ ರಬ್ಬರ್ ಅಂಟಿರುತ್ತದೆ. ಆರ್ಮ್ ಮೇಲೆ-ಕೆಳಗೆ ಆಡಿದಾಗ ಯಾವುದೂ ಜಾರುವುದಿಲ್ಲ, ರಬ್ಬರೇ ತಿರುಚಿಕೊಳ್ಳುತ್ತದೆ. ಹಾಗಾಗಿ ಕಾರು ಜ್ಯಾಕ್ ಮೇಲೆ ನೇತಾಡುತ್ತಿರುವಾಗ ಬೋಲ್ಟ್ ಬಿಗಿದರೆ, ಚಕ್ರ ನೆಲ ಮುಟ್ಟಿದ ಕ್ಷಣದಿಂದಲೇ ರಬ್ಬರ್ ತಿರುಚಿದ ಸ್ಥಿತಿಯಲ್ಲಿ ಕೂರುತ್ತದೆ. ಕಾರು ತುಸು ಎತ್ತರ ನಿಲ್ಲುತ್ತದೆ, ಹೊಸ ಬುಷ್ ಬೇಗ ಹರಿಯುತ್ತದೆ. ಎಲ್ಲ ಬೋಲ್ಟ್‌ಗಳನ್ನೂ ಕೈಬಿಗಿ ಮಾಡಿ, ಕಾರನ್ನು ಚಕ್ರದ ಮೇಲೆ ನಿಲ್ಲಿಸಿ, ಎರಡು ಮೂರು ಸಲ ಅದುಮಿ ಬಿಟ್ಟು, ಆಮೇಲೆ ವರ್ಕ್‌ಶಾಪ್ ಮ್ಯಾನ್ಯುಯಲ್ ಹೇಳುವ ಟಾರ್ಕ್‌ಗೆ ಬಿಗಿಯಿರಿ. ಪಾಲಿ ಬುಷ್ ಸ್ಲೀವ್ ಮೇಲೆ ಜಾರಿ ತಿರುಗುವುದರಿಂದ ಈ ತಲೆನೋವು ಅದಕ್ಕಿಲ್ಲ, ಆದರೆ ಗ್ರೀಸ್ ಒಣಗಿದರೆ ಹಳೇ ಬಾಗಿಲಿನಂತೆ ಕಿರುಗುಟ್ಟುತ್ತದೆ. ಸಿಲಿಕೋನ್ ಗ್ರೀಸ್ ಮಾತ್ರ ಹಚ್ಚಿ.

ಡೆಲ್ರಿನ್‌ಗೆ ಈ ಕಾರಿನಲ್ಲಿ ಒಂದು ತೊಡಕಿದೆ. ಅಲೈನ್‌ಮೆಂಟ್, ಅಂದರೆ ಚಕ್ರದ ಕೋನ ಹೊಂದಿಸುವುದು, ನಡೆಯುವುದು ಲೋಯರ್ ಆರ್ಮ್‌ನ ಎರಡು ಕ್ಯಾಮ್ ಬೋಲ್ಟ್‌ಗಳಿಂದ (ತಿರುಗಿಸಿದಂತೆ ಆರ್ಮನ್ನು ಅತ್ತಿತ್ತ ಸರಿಸುವ ಬೋಲ್ಟ್‌ಗಳು). ಮುಂದಿನದನ್ನೂ ಹಿಂದಿನದನ್ನೂ ಬೇರೆ ಬೇರೆ ಕಡೆಗೆ ತಿರುಗಿಸಿಟ್ಟರೆ ಬೋಲ್ಟ್‌ನ ಗೆರೆಗೂ ಬುಷ್‌ನ ಗೆರೆಗೂ ಸಣ್ಣ ಓರೆ ಬೀಳುತ್ತದೆ. ರಬ್ಬರ್ ಅದನ್ನು ನುಂಗಿಕೊಳ್ಳುತ್ತದೆ, ಡೆಲ್ರಿನ್ ಅಂಚಿನಲ್ಲಿ ಕಚ್ಚಿಕೊಳ್ಳುತ್ತದೆ.

ಇನ್ನೊಂದು ಮಾತು: ಇಷ್ಟು ಹಳೆಯ ಕಾರಿನಲ್ಲಿ ಕ್ಯಾಮ್ ಬೋಲ್ಟ್ ಸ್ಲೀವ್‌ನೊಳಗೆ ತುಕ್ಕು ಹಿಡಿದು ಒಂದಾಗಿರುವುದೇ ಹೆಚ್ಚು. ಒಂದು ವಾರ ಮೊದಲಿನಿಂದಲೇ ದಿನಾ ಪೆನೆಟ್ರೇಟಿಂಗ್ ಆಯಿಲ್ (ತುಕ್ಕು ಸಡಿಲಿಸುವ ಎಣ್ಣೆ) ಹಾಕುತ್ತ ಬನ್ನಿ. ಆದರೂ ಬಿಡದಿದ್ದರೆ ಆರ್ಮ್ ಮತ್ತು ಬ್ರ್ಯಾಕೆಟ್ ನಡುವೆ ಗರಗಸದ ಬ್ಲೇಡ್ ತೂರಿಸಿ ಕತ್ತರಿಸುವುದೇ ದಾರಿ. ಹೊಸ ಕ್ಯಾಮ್ ಬೋಲ್ಟ್‌ಗಳನ್ನು ಬುಷ್ ಜೊತೆಗೇ ತರಿಸಿಡಿ.

ಪ್ರಶ್ನೆ: ನನ್ನ ಹಳೆಯ ಸ್ಪೋರ್ಟ್ಸ್ ಕಾರಿಗೆ ಗಟ್ಟಿ ಬುಷ್ ಎಲ್ಲೂ ಸಿಗುತ್ತಿಲ್ಲ. ಪೀಣ್ಯದಲ್ಲಿ ಲೇತ್ ಇರುವವರ ಪರಿಚಯವಿದೆ. ಪಾಲಿಯುರೆಥೇನ್ ಎರಕ ಹೊಯ್ಯುವುದೋ, ರಾಡ್ ತಂದು ಕಡೆಸುವುದೋ?
— ಓದುಗರು, ಬೆಂಗಳೂರು

ಉತ್ತರ: ಕಡೆಸಿ. ಪಾಲಿಯುರೆಥೇನ್ ಎರಕದಲ್ಲಿ ಬಳಸುವ ಐಸೊಸಯನೇಟ್ ಎಂಬ ರಾಸಾಯನಿಕಕ್ಕೆ ತೇವ ತಗುಲಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ, ಬುಷ್ ತುಂಬ ಗುಳ್ಳೆಗಳು ಏಳುತ್ತವೆ. ಮಳೆಗಾಲದಲ್ಲಂತೂ ನಿರ್ವಾತ ಪಂಪ್ ಇಲ್ಲದೆ ಒಳ್ಳೆಯ ಎರಕ ಬರುವುದು ಕಷ್ಟ. ಅದರ ಆವಿಯಿಂದ ಉಬ್ಬಸವೂ ಬರಬಹುದು.

95 ಶೋರ್-ಎ ರಾಡ್ ಲೇತ್‌ನಲ್ಲಿ ಚೆನ್ನಾಗಿ ಕಡೆಯುತ್ತದೆ. 80ರದ್ದು ಟೂಲ್ ಮುಟ್ಟಿದೊಡನೆ ಅತ್ತ ಬಾಗಿ ಅಳತೆ ಕೆಡಿಸುತ್ತದೆ. ಮೆತ್ತನೆಯದೇ ಬೇಕೆಂದರೆ ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು, ರೇಜರ್‌ನಷ್ಟು ಹರಿತವಾದ ಟೂಲ್‌ನಿಂದ ಬೇಗ ಬೇಗ ಕಡೆಯಬೇಕು. ಅಳೆಯುವುದು ಮಾತ್ರ ಅದು ಕೋಣೆಯ ಉಷ್ಣಾಂಶಕ್ಕೆ ಬಂದ ಮೇಲೆ.

ಹಳೆಯ ಬುಷ್ ತೆಗೆಯುವಾಗ ರಬ್ಬರ್ ಸುಡಬೇಡಿ, ಹೊಗೆ ವಿಷ. ಡ್ರಿಲ್‌ನಿಂದ ರಬ್ಬರ್ ಸುತ್ತ ತೂತು ಕೊರೆದು ಸ್ಲೀವ್ ಹೊರಗೆಳೆಯಿರಿ. ಆಮೇಲೆ ಹೊರಕವಚವನ್ನು ಉದ್ದುದ್ದಕ್ಕೆ ಗರಗಸದಿಂದ ಸೀಳಿ ಒಳಕ್ಕೆ ಮಡಚಿ. ಆರ್ಮ್‌ಗೆ ಗೀರು ಬೀಳುವ ಮೊದಲೇ ಗರಗಸ ನಿಲ್ಲಿಸಬೇಕು, ಏಕೆಂದರೆ ಲೋಹದ ಬಿರುಕು ಅಂಥ ಗೀರಿನಿಂದಲೇ ಶುರುವಾಗುತ್ತದೆ.

ಈಗ ಅಳತೆ. ಹೆಚ್ಚಿನವರು ಎಡವುವುದು ಸ್ಲೀವ್‌ನ ಉದ್ದದಲ್ಲಿ. ಬೋಲ್ಟ್ ಬಿಗಿದಾಗ ಬ್ರ್ಯಾಕೆಟ್ ಹಿಡಿಯಬೇಕಾದ್ದು ಉಕ್ಕಿನ ಸ್ಲೀವನ್ನು, ಪಾಲಿಯನ್ನಲ್ಲ. ಸ್ಲೀವ್ ಬುಷ್‌ಗಿಂತ ಒಟ್ಟು 0.2ರಿಂದ 0.4 ಮಿ.ಮೀ. ಉದ್ದವಿರಲಿ. ಗಿಡ್ಡವಾದರೆ ಬುಷ್ ಬ್ರೇಕ್‌ನಂತೆ ಕಚ್ಚಿಕೊಂಡು ಆರ್ಮ್ ತಿರುಗುವುದೇ ಇಲ್ಲ. ಸ್ಪ್ರಿಂಗ್ ಬಿಗಿಯಾಯಿತೇನೋ ಎನ್ನಿಸಿ ನೀವು ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಬದಲಿಸಲು ಹೊರಡುತ್ತೀರಿ. ತೀರಾ ಉದ್ದವಾದರೆ ಆರ್ಮ್ ಅಕ್ಕಪಕ್ಕ ಬಡಿಯುತ್ತದೆ. ಪರೀಕ್ಷೆ ಸುಲಭ: ಡ್ಯಾಂಪರ್ ಮತ್ತು ಆಂಟಿ-ರೋಲ್ ಬಾರ್ ಬಿಚ್ಚಿಟ್ಟು ಬೋಲ್ಟನ್ನು ಪೂರ್ತಿ ಬಿಗಿಯಿರಿ, ಆರ್ಮ್ ಎತ್ತಿ ಕೈಬಿಡಿ. ಅದು ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳಿಯಬೇಕು.

ಡೆಲ್ರಿನ್ ಕಡೆಸುವವರಿಗೆ ಒಂದು ಲೆಕ್ಕ: ಅದು ಬಿಸಿಗೆ ಉಕ್ಕಿಗಿಂತ ಸುಮಾರು ಒಂಬತ್ತು ಪಟ್ಟು ಹಿಗ್ಗುತ್ತದೆ. ಹೊರಗಡೆ ಆರ್ಮ್ ತಡೆಯುವುದರಿಂದ ಹಿಗ್ಗೆಲ್ಲ ಒಳಗೇ ನುಗ್ಗುತ್ತದೆ. ಆರ್ಮ್‌ಗೆ ಒತ್ತಿ ಕೂರಿಸಿದ ಮೇಲೆ ಒಳರಂಧ್ರ ಅಳೆದು, ಸ್ಲೀವ್ ಸುತ್ತ 0.1 ಮಿ.ಮೀ. ಆಟ ಉಳಿಯುವಂತೆ ಕೊನೆಯ ಕಡೆತ ಮಾಡಿಸಿ. ಅಗ್ಗವೆಂದು ನೈಲಾನ್ ತರಬೇಡಿ, ನೀರು ಕುಡಿದು ಉಬ್ಬುತ್ತದೆ.

ಪ್ರಶ್ನೆ: ಬಿಎಂಡಬ್ಲ್ಯು ಇ36ನ (ತೊಂಬತ್ತರ ದಶಕದ 3 ಸರಣಿಯ ಕಾರು) ಹಿಂದಿನ ಟ್ರೇಲಿಂಗ್ ಆರ್ಮ್‌ಗೆ (ಚಕ್ರದಿಂದ ಮುಂದಕ್ಕೆ ಚಾಚಿ ಬಾಡಿಗೆ ಸೇರುವ ಆರ್ಮ್) 95 ಶೋರ್ ಪಾಲಿ ಬುಷ್ ಹಾಕಿಸಿದೆ. ಒಂದೇ ವರ್ಷದಲ್ಲಿ ಬುಷ್ ಅಂಚೆಲ್ಲ ಕಿತ್ತುಹೋಗಿದೆ. ಕಳಪೆ ಮಾಲೇ?
— ಓದುಗರು, ಮ್ಯೂನಿಕ್

ಉತ್ತರ: ಮಾಲಿನ ತಪ್ಪಲ್ಲ, ಜಾಗದ್ದು. ಎಂಎಕ್ಸ್-5ನ ಆರ್ಮ್ ಕೀಲಿನಂತೆ ಒಂದೇ ಗೆರೆಯ ಮೇಲೆ ಆಡುತ್ತದೆ. ನಿಮ್ಮ ಟ್ರೇಲಿಂಗ್ ಆರ್ಮ್ ಹಾಗಲ್ಲ: ಹಿಂದೆ ಎರಡು ಅಡ್ಡ ಆರ್ಮ್‌ಗಳು ಅದನ್ನು ಹಿಡಿದಿರುವುದರಿಂದ ಏರಿಳಿಯುವಾಗ ಮುಂದಿನ ತುದಿ ಹೊರಳಲೂಬೇಕು, ಓರೆಯಾಗಲೂಬೇಕು. ಪಾಲಿ ಅದಕ್ಕೆ ಬಿಡುವುದಿಲ್ಲ. ಬುಷ್ ಹರಿಯುತ್ತದೆ, ಅದು ಹರಿಯದಿದ್ದರೆ ಭಾರವೆಲ್ಲ ಬಾಡಿಯ ತಗಡಿನ ಮೇಲೆ. ಆರ್ಮ್ ಬಾಡಿಗೆ ಸೇರುವ ಗೂಡು ಬಿರುಕು ಬಿಡುವುದು ಟ್ರ್ಯಾಕ್‌ನಲ್ಲಿ ಓಡುವ ಇ36ಗಳಲ್ಲಿ ಗೊತ್ತಿರುವ ಕಾಯಿಲೆ. ಈಗಲೇ ಟಾರ್ಚ್ ಹಿಡಿದು ನೋಡಿ.

ಹೊಸ ರಬ್ಬರ್ ಬುಷ್ ಹಾಕಿ, ಎರಡೂ ಬದಿಗೆ ಸರಿದಾಟ ತಡೆಯುವ ಲಿಮಿಟರ್ ವಾಷರ್ ಕೊಡಿ. ಅಡ್ಡ ಸರಿಯುವುದು ನಿಲ್ಲುತ್ತದೆ, ಹೊರಳುವುದು ಉಳಿಯುತ್ತದೆ. ಬರೀ ಟ್ರ್ಯಾಕ್ ಕಾರಾದರೆ ಧೂಳುಗವಸು ಇರುವ ಸ್ಫೆರಿಕಲ್ ಬೇರಿಂಗ್ (ಎಲ್ಲ ಕಡೆಗೂ ಹೊರಳುವ ಗುಂಡು ಕೀಲು) ಹಾಕಿ. ಬ್ರ್ಯಾಕೆಟ್ ಬಿಚ್ಚುವ ಮೊದಲು ಬಾಡಿಯ ಮೇಲೆ ಅದರ ಸುತ್ತ ಗೆರೆ ಎಳೆದುಕೊಳ್ಳಿ, ಹಿಂದಿನ ಚಕ್ರದ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸರಿಹೊಂದಿಸುವುದು ಬ್ರ್ಯಾಕೆಟ್‌ನ ಮೂರು ಬೋಲ್ಟ್‌ಗಳಲ್ಲೇ. ಗೆರೆ ಇದ್ದರೂ ಕೊನೆಗೆ ಅಲೈನ್‌ಮೆಂಟ್ ಮಾಡಿಸಲೇಬೇಕು.