ಲಂಡನ್‌ನ ಮಾನವ ಹಕ್ಕುಗಳ ಚೇಂಬರ್ಸ್‌ನಲ್ಲಿ ಬ್ಯಾರಿಸ್ಟರ್ ತರಬೇತಿಗೆ ಅರ್ಜಿ ಹಾಕುವುದು ಹೇಗೆ?

ಚೇಂಬರ್ಸ್ ಅಂದರೆ ಬ್ಯಾರಿಸ್ಟರ್‌ಗಳು ಒಟ್ಟಾಗಿ ನಡೆಸುವ ಕಚೇರಿ. ಈ ತರಬೇತಿಗೆ ಅಲ್ಲಿ ಪ್ಯೂಪಿಲೇಜ್ ಅಂತಾರೆ. ಸಾಮಾನ್ಯವಾಗಿ 12 ತಿಂಗಳು. ಮೊದಲ ಆರು ತಿಂಗಳು ಹಿರಿಯ ಬ್ಯಾರಿಸ್ಟರ್ ಜೊತೆಗಿದ್ದು ನೋಡಿ ಕಲಿಯಬೇಕು, ಆಮೇಲಿನ ಆರು ತಿಂಗಳು ನೀವೇ ಕೋರ್ಟಿನಲ್ಲಿ ವಾದ ಮಾಡಬಹುದು. ಸಂಬಳದಂತೆ ಹಣವನ್ನೂ ಕೊಡುತ್ತಾರೆ.

ತರಬೇತಿ ಶುರುವಾಗುವ ಮೊದಲು ಕಾನೂನು ಪದವಿ (ಅಥವಾ ಬೇರೆ ಪದವಿಯ ಜೊತೆ ಕಾನೂನು ಪರಿವರ್ತನಾ ಕೋರ್ಸ್), ಬ್ಯಾರಿಸ್ಟರ್ ಆಗಲು ಮಾಡುವ ಬಾರ್ ಕೋರ್ಸ್, ಬ್ಯಾರಿಸ್ಟರ್‌ಗಳ ಹಳೆಯ ಸಂಘಗಳಾದ ನಾಲ್ಕು ಇನ್‌ಗಳಲ್ಲಿ ಒಂದರ ಸದಸ್ಯತ್ವ ಬೇಕು. (ಅಂಬೇಡ್ಕರ್ ಬ್ಯಾರಿಸ್ಟರ್ ಆದದ್ದು ಇವುಗಳಲ್ಲೊಂದಾದ ಗ್ರೇಸ್ ಇನ್‌ನಿಂದ.) ಬೆಂಗಳೂರಿನ ಎಲ್‌ಎಲ್‌ಬಿ ಇದ್ದರೆ, ಅದು ಎಷ್ಟರ ಮಟ್ಟಿಗೆ ಲೆಕ್ಕಕ್ಕೆ ಬರುತ್ತದೆ ಎಂದು ಬ್ಯಾರಿಸ್ಟರ್‌ಗಳ ನಿಯಂತ್ರಣ ಸಂಸ್ಥೆಯಾದ ಬಾರ್ ಸ್ಟಾಂಡರ್ಡ್ಸ್ ಬೋರ್ಡ್ ಹತ್ತಿರ ಮೊದಲೇ ಕೇಳಿಕೊಳ್ಳಿ.

ಹೆಚ್ಚಿನ ಅರ್ಜಿಗಳು ಬಾರ್ ಕೌನ್ಸಿಲ್‌ನ ಪ್ಯೂಪಿಲೇಜ್ ಗೇಟ್‌ವೇ ಎಂಬ ಜಾಲತಾಣದ ಮೂಲಕ, ಜನವರಿ ಹೊತ್ತಿಗೆ.

ಡೌಟಿ ಸ್ಟ್ರೀಟ್, ಗಾರ್ಡನ್ ಕೋರ್ಟ್ ಥರದ ಚೇಂಬರ್ಸ್‌ಗೆ ಬರೆಯುವಾಗ "ನನಗೆ ಮಾನವ ಹಕ್ಕುಗಳಲ್ಲಿ ಆಸಕ್ತಿ" ಅಂತ ಸುಮ್ನೆ ಬರೆದರೆ ಸಾಲದು. ಎಲ್ಲರೂ ಅದನ್ನೇ ಬರೆಯುತ್ತಾರೆ, ಅಲ್ವಾ? ವಲಸಿಗರಿಗೆ ನೆರವು ಕೊಟ್ಟಿದ್ದೀರಾ? ಉಚಿತ ಕಾನೂನು ಸಲಹಾ ಕೇಂದ್ರದಲ್ಲಿ ಕೂತಿದ್ದೀರಾ? ಅಲ್ಲಿ ಏನು ಮಾಡಿದಿರಿ, ಅದರಿಂದ ಏನಾಯಿತು ಅಂತ ಬಿಡಿಸಿ ಬರೆಯಿರಿ. ಮನೆಯವರಲ್ಲಿ ಮೊದಲು ಓದಿದವರು ನೀವಾಗಿದ್ದರೆ, ದುಡಿಯುತ್ತಲೇ ಓದಿದ್ದರೆ, ಅದನ್ನೂ ಮುಚ್ಚಿಡಬೇಡಿ. ನನ್ನ ಮಟ್ಟಿಗೆ ಅದೂ ಅರ್ಹತೆಯೇ.