ನೂರು ಕಲ್ಟ್ ಸಿನಿಮಾಗಳ ಪಟ್ಟಿ ಮಾಡಿದ್ದೇನೆ, ಯಾವುದರಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆಯ ಕೊನೇ ಸಾಲು ಓದಿ ಎದೆ ಧಸಕ್ ಅಂದಿತು. ತೀರ್ಥಹಳ್ಳಿ ಮನೆಯಲ್ಲಿ ಅಜ್ಜನ ಕಾಲದ ಪತ್ತೇದಾರಿ ಕಾದಂಬರಿ, ಕ್ಯಾಸೆಟ್ ರಾಶಿ ಬಿದ್ದಿವೆ, ಅವನ್ನೆಲ್ಲ ಖಾಲಿ ಮಾಡಿ ಇನ್ನು ಮೇಲೆ ಒಳ್ಳೆಯದನ್ನಷ್ಟೇ ನೋಡುತ್ತೇನೆ ಅಂತ ಬರೆದಿದ್ದೀರಿ. ದಯವಿಟ್ಟು ಖಾಲಿ ಮಾಡಬೇಡಿ. ಕಲ್ಟ್ ಸಿನಿಮಾ, ಅಂದರೆ ಕೆಲವರು ಹುಚ್ಚು ಅಭಿಮಾನದಿಂದ ಮತ್ತೆ ಮತ್ತೆ ನೋಡೋ ಸಿನಿಮಾ, ಅವುಗಳ ಪಟ್ಟಿ ವಿಷಯ ಆಮೇಲೆ.

ನನ್ನ ಹತ್ತಿರವೂ ಪಟ್ಟಿ ಇತ್ತು. ಆಗ ಶಿವಮೊಗ್ಗದ ಹಾಸ್ಟೆಲ್‌ನಲ್ಲಿದ್ದೆ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಸಿನಿಮಾದ ಹೆಸರು, ಪಕ್ಕದಲ್ಲಿ ಟಿಕ್. ರಾತ್ರಿಗೆ ಮೂರು ಮುಗಿಸಲೇಬೇಕು ಅನ್ನೋ ಹಟ. ಮಾತಿಲ್ಲದ ಜಾಗ ಬಂದರೆ ಓಡಿಸಿಬಿಡುತ್ತಿದ್ದೆ. ನಿರ್ದೇಶಕ ಫ್ರಿಟ್ಜ್ ಲಾಂಗ್ ಅವರ 1931ರ ಜರ್ಮನ್ ಚಿತ್ರ ‘ಎಂ’ ನೋಡಿದ್ದೂ ಹಾಗೆಯೇ. ಅದು ಅವರ ಮೊದಲ ಮಾತಿನ ಚಿತ್ರ. ಮಕ್ಕಳನ್ನು ಕೊಲ್ಲುವವನೊಬ್ಬ ನಾರ್ವೆಯ ಸಂಗೀತಗಾರ ಗ್ರೀಗ್‌ನ ಒಂದು ಟ್ಯೂನ್ ಶಿಳ್ಳೆ ಹೊಡೆಯುತ್ತಿರುತ್ತಾನೆ. ಬಲೂನು ಮಾರುವ ಕುರುಡ ಆ ಶಿಳ್ಳೆ ಕೇಳಿಯೇ ಅವನನ್ನು ಗುರುತು ಹಿಡಿಯುತ್ತಾನೆ. ಇಡೀ ಕಥೆಯ ಗಂಟು ಬಿಚ್ಚೋದು ಅಲ್ಲಿ. ನಾನು ಆ ಜಾಗವನ್ನೇ ಓಡಿಸಿ ಟಿಕ್ ಹಾಕಿದ್ದೆ.

ಅದು ಸಣ್ಣ ತಪ್ಪು. ಇನ್ನೊಮ್ಮೆ ನೋಡಿದೆ, ಸರಿಹೋಯಿತು. ಸರಿಹೋಗದ ತಪ್ಪು ಮಾಡಿದ್ದು ಹೊಸನಗರದ ಹತ್ತಿರ, ನನ್ನ ಸೋದರಮಾವನ ಮನೆಯಲ್ಲಿ.

ಮಾವ ಅಡಿಕೆ ಬೆಳೆಗಾರರು, ಓದಿದ್ದು ಏಳನೇ ಕ್ಲಾಸು. ಅಡುಗೆಮನೆ ಒಲೆಯ ಮೇಲಿನ ಅಟ್ಟದಲ್ಲಿ ಎರಡು ದೊಡ್ಡ ಬಿಸ್ಕೆಟ್ ಡಬ್ಬಿ ಇಟ್ಟಿದ್ದರು. ನಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತೆ, ನಿಮಗೆ ಗೊತ್ತಲ್ವಾ. ಹೊಗೆ, ಬಿಸಿ ತಾಗೋ ಕಡೆ ಇಟ್ಟರೆ ಉಳಿಯುತ್ತೆ ಅನ್ನೋ ಲೆಕ್ಕ. ಒಂದು ಡಬ್ಬಿಯಲ್ಲಿ ಎನ್. ನರಸಿಂಹಯ್ಯ, ಟಿ.ಕೆ. ರಾಮರಾವ್ ಅವರ ಪತ್ತೇದಾರಿ ಕಾದಂಬರಿಗಳು, ಇನ್ನೊಂದರಲ್ಲಿ ಕ್ಯಾಸೆಟ್. ಪ್ರತಿ ಪುಸ್ತಕದ ಮಧ್ಯೆ ಎಲ್ಲೋ ಒಂದು ಪುಟದ ಅಂಚಿಗೆ ಪೆನ್ಸಿಲ್‌ನಲ್ಲಿ ಒಂದು ಹೆಸರು ಇರುತ್ತಿತ್ತು. ಕೊಲೆಗಾರ ಇವನೇ ಅಂತ ಮಾವನಿಗೆ ಅನುಮಾನ ಬಂದ ಜಾಗ ಅದು. ಊಹೆ ತಪ್ಪಾಗಿದ್ದರೆ ಕೊನೇ ಪುಟದಲ್ಲಿ ಅವರೇ ಇಂಟು ಹಾಕಿಕೊಂಡಿರುತ್ತಿದ್ದರು.

ಹೆಂಚು ಕೈಯಾಡಿಸುವಾಗ ಅಟ್ಟ ಖಾಲಿ ಮಾಡುವ ಕೆಲಸ ನನಗೆ ಬಂತು. ‘ಬೇಕಾದ್ದು ತೆಗೆದಿಡು, ಬೇಡದ್ದು ಕೊಡು’ ಅಂದರು. ಎರಡೂ ಡಬ್ಬಿ ಗುಜರಿಯವನಿಗೆ ಕೊಟ್ಟೆ. ಪುಸ್ತಕ ಕೆಜಿಗೆ 8 ರೂಪಾಯಿ, ಕ್ಯಾಸೆಟ್ ಸುಮ್ನೆ ಸೇರಿಸಿಕೊಂಡು ಹೋದ. ತಲೆಯಲ್ಲಿ ನನ್ನ ಪಟ್ಟಿ ತುಂಬಿತ್ತು, ಅದರಲ್ಲಿ ಇಲ್ಲದ್ದೆಲ್ಲ ಕಸ ಅನಿಸಿತ್ತು. ಒಂದು ಕ್ಯಾಸೆಟ್ ಮೇಲೆ ಬಾಲ್‌ಪೆನ್ನಿನಲ್ಲಿ ‘ಮಳೆ’ ಅಂತ ಇತ್ತು. ಓದಿದೆ, ಕೈಯಲ್ಲಿ ಹಿಡಿದುಕೊಂಡು ನೋಡಿದೆ, ಆದರೂ ಚೀಲಕ್ಕೆ ಹಾಕಿದೆ. ಪಕ್ಕದ ಕೋಣೆಯಲ್ಲೇ ಟೇಪ್‌ರೆಕಾರ್ಡರ್ ಇತ್ತು. ಒಂದು ನಿಮಿಷ ಹಾಕಿ ಕೇಳಬಹುದಿತ್ತು. ಮಾವ ಅಂಗಳದಲ್ಲೇ ಇದ್ದರು. ‘ಇದೇನು ಮಾವ?’ ಅಂತ ಕೂಗಿದ್ದರೂ ಸಾಕಿತ್ತು. ಕೇಳಲಿಲ್ಲ.

ದೀಪಾವಳಿಗೆ ಹೋದಾಗ ಮಾವ ಕೇಳಿದರು: ‘ಆ ಮಳೆ ಕ್ಯಾಸೆಟ್ ಎಲ್ಲಿಟ್ಟೆ ಮಾರಾಯ?’

ಅದು ಶಂಕರ್ ನಾಗ್ ಅವರ 1985ರ ‘ಆಕ್ಸಿಡೆಂಟ್’ ಚಿತ್ರದ ಸದ್ದು. ಕುಡಿದು ಕಾರು ಓಡಿಸಿ ಫುಟ್‌ಪಾತ್ ಮೇಲೆ ಮಲಗಿದ್ದವರನ್ನು ಕೊಂದ ರಾಜಕಾರಣಿಯ ಮಗನ ಕಥೆ. ಹಾಡಿಲ್ಲ, ಇಳಯರಾಜ ಅವರ ಹಿನ್ನೆಲೆ ಸಂಗೀತ ಮಾತ್ರ. ಹಾಡೇ ಇಲ್ಲ ಅಂದಮೇಲೆ ಅಂಗಡಿಯಲ್ಲಿ ಅದರ ಹಾಡಿನ ಕ್ಯಾಸೆಟ್ ಎಲ್ಲಿಂದ ಬರಬೇಕು? ಮಾವ ಟೇಪ್‌ರೆಕಾರ್ಡರನ್ನು ಶಾಲಿನಲ್ಲಿ ಸುತ್ತಿಕೊಂಡು ಥಿಯೇಟರಿಗೆ ಹೋಗಿದ್ದರಂತೆ. ಅರ್ಧದಲ್ಲಿ ಮಳೆ ಹಿಡಿದು ಚಾವಣಿಯ ಶೀಟಿನ ಮೇಲೆ ಧೋ ಅಂತ ಸುರಿದಿದೆ. ಸಂಗೀತ, ಮಳೆ, ಮಧ್ಯೆ ಪಕ್ಕದಲ್ಲಿ ಕೂತಿದ್ದ ಅತ್ತೆ ‘ಅಯ್ಯೋ ದೇವ್ರೇ’ ಅಂದಿದ್ದು. ಅತ್ತೆ ತೀರಿಹೋಗಿ ಆಗಲೇ ಆರು ವರ್ಷವಾಗಿತ್ತು. ಅವರ ದನಿ ಇದ್ದಿದ್ದು ಅದೊಂದರಲ್ಲೇ. ಮಾರನೇ ದಿನವೇ ಗುಜರಿ ಅಂಗಡಿಗೆ ಓಡಿದೆ. ಮಾಲು ಲಾರಿ ಹತ್ತಿ ತಿಂಗಳುಗಳೇ ಕಳೆದಿದ್ದವು. ಮಾವ ಬೈಯಲಿಲ್ಲ. ‘ಹೋಗ್ಲಿ ಬಿಡು’ ಅಂದು ತೋಟಕ್ಕೆ ಹೋದರು.

ಹಾಗಾಗಿ ಯಾವುದರಿಂದ ಶುರು ಮಾಡಲಿ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಯಾರೋ ಪಟ್ಟಿಗೆ ಸೇರಿಸಿದ್ದಕ್ಕೆ ಸಿನಿಮಾ ಕಲ್ಟ್ ಆಗಲ್ಲ. ಒಬ್ಬರಿಗೆ ಅದನ್ನು ಬಿಡೋಕಾಗದೆ ಶಾಲಿನಲ್ಲಿ ಟೇಪ್‌ರೆಕಾರ್ಡರ್ ಸುತ್ತಿಕೊಂಡು ಹೋಗುತ್ತಾರೆ ನೋಡಿ, ಆಗ ಆಗುತ್ತೆ. ಪತ್ತೇದಾರಿ ಕಾದಂಬರಿ ಕೀಳು ಅನ್ನೋದನ್ನಂತೂ ಮನಸ್ಸಿಂದ ತೆಗೆದುಹಾಕಿ. ಟಿ.ಕೆ. ರಾಮರಾವ್ ಕೊಲೆ, ಪತ್ತೇದಾರಿಕೆ ಕಥೆಗಳಿಗೆ ಹೆಸರಾದವರು. 1972ರ ‘ಬಂಗಾರದ ಮನುಷ್ಯ’ ಬಂದದ್ದೂ ಅವರ ಕಾದಂಬರಿಯಿಂದಲೇ. ಹಿಚ್‌ಕಾಕ್ ಅವರ ‘ಸೈಕೋ’ಗೂ ಮೂಲ ಒಂದು ಕ್ರೈಂ ಕಾದಂಬರಿ. ಆ ಚಿತ್ರದ ಸ್ನಾನದ ಮನೆ ದೃಶ್ಯಕ್ಕೆ ಸಂಗೀತವೇ ಬೇಡ ಅಂದಿದ್ದರು ಹಿಚ್‌ಕಾಕ್. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯದಲ್ಲಿ ಮಾಡಿ ಕೇಳಿಸಿದ ಮೇಲೆ ಒಪ್ಪಿದರು. ಓಡಿಸಿ ನೋಡಿದವರಿಗೆ ಇದು ಯಾವುದೂ ದಕ್ಕಲ್ಲ.

ಪಟ್ಟಿ ಮಡಚಿಡಿ. ಅಜ್ಜನ ಒಂದು ಕಾದಂಬರಿ ಓದಿ, ಅಂಚಿನಲ್ಲಿ ನಿಮ್ಮ ಅನುಮಾನ ಬರೆಯಿರಿ. ಆಮೇಲೆ ‘ಎಂ’ ನೋಡಿ, ಒಂದೇ ಸಲಕ್ಕೆ ಕೂತು, ಹೆಡ್‌ಫೋನ್ ಹಾಕಿಕೊಂಡು.

ಕ್ಯಾಸೆಟ್‌ಗೆ ಬೂಷ್ಟು ಹಿಡಿದಿದ್ದರೆ ಹಾಗೆಯೇ ಪ್ಲೇಯರಿಗೆ ಹಾಕಬೇಡಿ, ಬೂಷ್ಟು ಪ್ಲೇಯರಿನ ಹೆಡ್ಡಿಗೆ, ಅಂದರೆ ಟೇಪು ಉಜ್ಜಿಕೊಂಡು ಹೋಗೋ ಭಾಗಕ್ಕೆ, ಮೆತ್ತಿಕೊಂಡು ಬೇರೆ ಕ್ಯಾಸೆಟ್‌ಗೂ ಹೋಗುತ್ತೆ. ಕ್ಯಾಸೆಟ್ ಬೆನ್ನಿಗೆ ಎರಡು ಚಿಕ್ಕ ಪ್ಲಾಸ್ಟಿಕ್ ಕಿವಿ ಇರುತ್ತವೆ, ಮೊದಲು ಅವನ್ನು ಮುರಿಯಿರಿ. ಆಗ ತಪ್ಪಿ ಅದರ ಮೇಲೆಯೇ ಬೇರೇನೋ ರೆಕಾರ್ಡ್ ಆಗಿ ಹಳೇದು ಅಳಿಸಿಹೋಗಲ್ಲ. ಮೊದಲ ಸಲ ಹಾಕುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಹಳೇ ಟೇಪು ಎರಡನೇ ಸಲಕ್ಕೆ ಉಳಿಯುತ್ತೆ ಅಂತ ನಂಬಬೇಡಿ. ಹಿಂದೆ ಯಾರಾದರೂ ಕೆಮ್ಮಿದ್ದು, ಮಾತಾಡಿದ್ದು ಕೇಳಿಸಿದರೆ ಅದನ್ನು ಕತ್ತರಿಸಬೇಡಿ.